ಬೂತಾಯಿ ಎಣ್ಣೆ ಕುಡಿದ ಹಲಗೆ

ಆ ಭಾನುವಾರ ಮಕ್ಕಳ ಮರದ ಕಾರಿನ ಓಟವನ್ನು ಹಾಳು ಮಾಡಿದ್ದು ನಾನು. ಸಮುದ್ರದ ಗಾಳಿಯಲ್ಲ, ಆಚಾರಿಯ ಉಳಿಯೂ ಅಲ್ಲ. ಶಾಲೆಯ ಗೋಡೆಗೆ ಅಂಟಿಸಿದ ವರದಿಯಲ್ಲಿ ‘ಅನಿವಾರ್ಯ ಕಾರಣಗಳಿಂದ ಓಟ ಒಂದೂವರೆ ಗಂಟೆ ತಡವಾಯಿತು’ ಎಂದು ಬರೆದಿದ್ದಾರೆ. ಆ ಅನಿವಾರ್ಯ ಕಾರಣ ನಾನೇ. ಆಮೇಲೆ ಎಲ್ಲವನ್ನೂ ಸರಿ ಮಾಡಿದ್ದೂ ಅಜ್ಜಿಯಾದ ನಾನೇ ಎಂದು ಕೆಲವರು ಹೇಳುತ್ತಾರೆ. ಅದು ಅರ್ಧ ಸುಳ್ಳು. ನಾನು ಬಾಯಲ್ಲಿ ಹೇಳಿದೆ, ಮೊಣಕಾಲೂರಿ ತಿಕ್ಕಿದ್ದು ಅಪ್ಪಂದಿರು.

ನನ್ನ ಮೊಮ್ಮಗಳು ಕಾಪುವಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅವಳು ಅಲ್ಲಿ ಬುಲ್‌ಬುಲ್. ಸ್ಕೌಟಿನಲ್ಲಿ ಸಣ್ಣ ಹುಡುಗರಿಗೆ ಕಬ್ ಎನ್ನುತ್ತಾರೆ, ಹುಡುಗಿಯರಿಗೆ ಬುಲ್‌ಬುಲ್. ಕತ್ತಿಗೆ ಸ್ಕಾರ್ಫ್ ಕಟ್ಟಿಕೊಂಡು ಹೋಗುವ ದಿನ ಮಾತ್ರ ಅವಳನ್ನು ಎಬ್ಬಿಸಬೇಕಾಗಿಲ್ಲ. ಅವರನ್ನು ನೋಡಿಕೊಳ್ಳುವ ಟೀಚರ್ ಪರ್ಕಳದಲ್ಲಿ ಬಾಡಿಗೆ ರೂಮಿನಲ್ಲಿದ್ದು, ಎರಡು ಬಸ್ಸು ಹಿಡಿದು ಇಲ್ಲಿಗೆ ಬರುವವರು. ಸಣ್ಣ ಪ್ರಾಯ, ಸಣ್ಣ ದೇಹ, ಗಂಟಲು ಮಾತ್ರ ದೊಡ್ಡದು.

ಶಾಲೆಯಲ್ಲಿ ಈ ಮಕ್ಕಳು ಒಟ್ಟು ಹನ್ನೊಂದು. ಹನ್ನೊಂದು ಮಕ್ಕಳಿಗಾಗಿ ವಾರಕ್ಕೊಂದು ಪೀರಿಯಡ್ ಯಾಕೆ, ಅದನ್ನು ಕಂಪ್ಯೂಟರಿಗೆ ಕೊಡುವ ಎಂದು ಹೆಡ್ ಮೇಡಂ ಹೇಳಿದರಂತೆ. ಟೀಚರ್ ಒಂದು ಅವಕಾಶ ಕೇಳಿದರು. ಉಡುಪಿ, ಮಣಿಪಾಲ, ಕಾರ್ಕಳದ ಕಬ್, ಬುಲ್‌ಬುಲ್ ಮಕ್ಕಳನ್ನೂ ಅವರ ಮನೆಯವರನ್ನೂ ಕರೆದು ಒಂದು ಕಾರಿನ ಓಟ ಮಾಡುತ್ತೇನೆ, ಅದನ್ನು ನೋಡಿ ಆಮೇಲೆ ಹೇಳಿ ಎಂದರು.

ಮೊಮ್ಮಗಳು ಅಂದು ಸಂಜೆ ಬಂದವಳು ಬ್ಯಾಗನ್ನೂ ಇಳಿಸದೆ ನಿಂತಳು.

“ಅಜ್ಜೀ, ಓಟ ಹಾಳಾದರೆ ನಮ್ಮ ಬುಲ್‌ಬುಲ್ ಬಂದ್.”

“ಬಂದ್ ಆದರೆ ಎಂತ? ಕಂಪ್ಯೂಟರ್ ಕಲಿ.”

“ನಂಗೆ ಕಂಪ್ಯೂಟರ್ ಬೇಡ.”

ಅವಳು ಅಳಲಿಲ್ಲ. ಅತ್ತಿದ್ದರೆ ಗದರಿಸಿ ಸುಮ್ಮನಾಗುತ್ತಿದ್ದೆ. ಅವಳು ಆ ಸ್ಕಾರ್ಫನ್ನು ಮಡಚಿ, ಬಿಡಿಸಿ, ಮತ್ತೆ ಮಡಚುತ್ತಾ ಕೂತಳು. ಅದನ್ನು ನೋಡಿ ನಾನು ಮರುದಿನ ಟೀಚರನ್ನು ಮನೆಗೆ ಬರಹೇಳಿದೆ.

ಓಟ ಎಂದರೆ ಇಷ್ಟೇ. ಪ್ರತಿ ಮಗುವಿಗೆ ಒಂದು ಗೇಣು ಉದ್ದದ ಮರದ ತುಂಡು, ನಾಲ್ಕು ಚಕ್ರ, ನಾಲ್ಕು ಮೊಳೆ ಕೊಡುತ್ತಾರೆ. ಮನೆಯಲ್ಲಿ ಕೆತ್ತಿ, ಬಣ್ಣ ಹಚ್ಚಿ ಕಾರು ಮಾಡಿಕೊಂಡು ಬರಬೇಕು. ಇಳಿಜಾರಾಗಿ ಇಟ್ಟ ಉದ್ದದ ಹಲಗೆಯ ತಲೆಯಿಂದ ಬಿಡಬೇಕು. ತಳ್ಳುವ ಹಾಗಿಲ್ಲ, ಅದರ ಭಾರಕ್ಕೆ ಅದೇ ಓಡಬೇಕು. ಟೀಚರಿಗೆ ಸಿಗದೆ ಇದ್ದದ್ದು ಹಲಗೆ.

“ಹಲಗೆ ನನ್ನಲ್ಲಿ ಉಂಟು,” ಎಂದೆ.

ನನ್ನ ಗಂಡ ಫೈಬರ್ ದೋಣಿ ತೆಗೆದುಕೊಂಡ ವರ್ಷ ಹಳೆಯ ಮರದ ದೋಣಿಯನ್ನು ಬಿಚ್ಚಿ, ಒಳ್ಳೆಯ ಹಲಗೆಗಳನ್ನು ಬಲೆ ಇಡುವ ಕೊಟ್ಟಿಗೆಯಲ್ಲಿ ಹಾಕಿದ್ದೆವು. ಹೆಬ್ಬಲಸಿನ ಮರ. ಮೂವತ್ತು ವರ್ಷ ಉಪ್ಪುನೀರು ಕುಡಿದರೂ ಒಂದು ಹುಳ ಮುಟ್ಟಿರಲಿಲ್ಲ. ಉದ್ಯಾವರದ ಆಚಾರಿಯನ್ನು ಕರೆಸಿದೆ. ಅವನು ಎರಡು ದಿನ ಕೂತು ಹತ್ತರಿ ಹೊಡೆದು ನಯ ಮಾಡಿ, ತೆಳ್ಳಗಿನ ರೀಪು ಬಡಿದು, ಒಟ್ಟಿಗೆ ಮೂರು ಕಾರು ಓಡುವಷ್ಟು ದಾರಿ ಮಾಡಿದ. ಟೀಚರ್ ಬಂದು ಕೈಯಾಡಿಸಿ ನೋಡಿದರು.

“ಅಜ್ಜೀ, ಕನ್ನಡಿಯ ಹಾಗೆ ಉಂಟು. ಇನ್ನು ಎಂತದೂ ಮಾಡುದು ಬೇಡ.”

ಇನ್ನು ಏನೂ ಮಾಡಬೇಡಿ ಎಂದು ಯಾರಾದರೂ ಹೇಳಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಶನಿವಾರ ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ನೋಡಿದರೆ ಹತ್ತರಿ ತಿಂದ ಮರ ಬೆಳ್ಳಗೆ, ಒಣಕಲಾಗಿ ಮಲಗಿತ್ತು. ನಮ್ಮಲ್ಲಿ ಮರ ಹಾಗೆ ಕಂಡರೆ ಬೂತಾಯಿ ಎಣ್ಣೆ ಹಚ್ಚುವುದು ಕ್ರಮ. ಬೂತಾಯಿ ಮೀನನ್ನು ಬೇಯಿಸಿ ತೆಗೆದ ಎಣ್ಣೆ. ದೋಣಿಗೆ ವರ್ಷವರ್ಷವೂ ಅದನ್ನೇ ಬಳಿದವರು ನಾವು. ಮರಕ್ಕೆ ಅದಕ್ಕಿಂತ ದೊಡ್ಡ ಮದ್ದು ನನಗೆ ಗೊತ್ತಿಲ್ಲ. ಮೂಲೆಯಲ್ಲಿ ಅರ್ಧ ಡಬ್ಬಿ ಉಳಿದಿತ್ತು. ಹಳೆ ಲುಂಗಿಯ ತುಂಡಿನಲ್ಲಿ ಅದ್ದಿ, ತಲೆಯಿಂದ ಬಾಲದವರೆಗೆ ಎರಡು ಕೈ ಬಳಿದೆ. ಹಲಗೆ ಹೊಳೆಯಿತು. ನನಗೆ ಖುಷಿಯಾಯಿತು. ಜಾರಲಿ ಎಂದೇ ಹಚ್ಚಿದ್ದು.

ನಾನು ಮರೆತದ್ದು ಒಂದೇ. ದೋಣಿಗೆ ಎಣ್ಣೆ ಬಳಿದರೆ ಒಂದು ವಾರದ ಬಿಸಿಲು ಸಿಗುತ್ತದೆ. ಈ ಹಲಗೆಗೆ ಸಿಕ್ಕಿದ್ದು ಒಂದು ಸಂಜೆ, ಅದೂ ನೆರಳಿನಲ್ಲಿ.

ಭಾನುವಾರ ಬೆಳಿಗ್ಗೆ ಮೀನಿನ ಟೆಂಪೋದಲ್ಲಿ ಹಲಗೆ ಶಾಲೆಗೆ ಹೋಯಿತು. ಮೇಲಿನಿಂದ ಗೋಣಿ ಹೊದೆಸಿತ್ತು. ವಾಸನೆ ಬಂದರೂ ಟೆಂಪೋದ್ದು ಎಂದೇ ಎಲ್ಲರೂ ತಿಳಿದರು. ಅದಲ್ಲದೆ ಬಾಗಿಲ ಹತ್ತಿರವೇ ನಾನು ನನ್ನ ತಕ್ಕಡಿ ಇಟ್ಟುಕೊಂಡು ಕೂತಿದ್ದೆ. ಕಾರು ನೂರೈವತ್ತು ಗ್ರಾಮಿಗಿಂತ ಜಾಸ್ತಿ ಇರಬಾರದು ಎಂದು ನಿಯಮ. ಮಾರ್ಕೆಟಿನಲ್ಲಿ ನಾನು ಮೀನು ತೂಗುವ ಕರೆಂಟಿನ ತಕ್ಕಡಿಯೇ ಅಲ್ಲಿಗೆ ಬಂದಿತ್ತು. ಸಾಬೂನಿನಲ್ಲಿ ಮೂರು ಸಲ ತೊಳೆದಿದ್ದೆ. ಆದರೂ ಉಡುಪಿಯ ಒಬ್ಬರು ಅಮ್ಮ ಸೆರಗನ್ನು ಮೂಗಿಗೆ ಹಿಡಿದರು.

ಮೂವತ್ತೆರಡು ಕಾರು ಬಂದವು. ಮೀನಿನ ಕಿವಿರು ಎತ್ತಿ ನೋಡಿದರೆ ತಾಜಾವೋ ಅಲ್ಲವೋ ಗೊತ್ತಾಗುತ್ತದೆ. ಇಲ್ಲಿ ನಾನು ಕಾರನ್ನು ನೋಡಲಿಲ್ಲ, ಮಕ್ಕಳ ಬೆರಳು ನೋಡಿದೆ. ಬೆರಳಿನಲ್ಲಿ ಬಣ್ಣ, ಬ್ಯಾಂಡೇಜು ಇದ್ದರೆ ಮಗು ಮಾಡಿದ ಕಾರು. ಮಣಿಪಾಲದ ಒಬ್ಬ ಎಂಜಿನಿಯರ್ ಅಪ್ಪ ಕಪ್ಪಗೆ ಮಿರುಗುವ ಕಾರು ತಂದು ತಕ್ಕಡಿಯಲ್ಲಿ ತಾನೇ ಇಟ್ಟ. ಮಗಳ ಬೆರಳು ಹತ್ತೂ ಹಾಲಿನ ಹಾಗೆ ಬಿಳಿ. ತಕ್ಕಡಿ ನೂರೈವತ್ತೆರಡು ತೋರಿಸಿತು.

“ಅಜ್ಜೀ, ಎರಡು ಗ್ರಾಂ ಅಲ್ವಾ, ಬಿಡಿ ಮಾರಾಯ್ರೆ.”

“ಅಂಜಲ್ ಮೀನು ತೆಗೆದುಕೊಳ್ಳುವಾಗ ಎರಡು ಗ್ರಾಂ ಕಡಿಮೆ ಕೊಟ್ಟರೆ ನೀವು ಬಿಡ್ತೀರಾ?”

ಸಾಲಿನಲ್ಲಿದ್ದವರು ನಕ್ಕರು. ಆ ಮನುಷ್ಯ ಮೂಲೆಗೆ ಹೋಗಿ ಕಾರಿನ ಹೊಟ್ಟೆ ಕೆರೆಯುತ್ತಾ ಕೂತ. ನನ್ನ ಮೊಮ್ಮಗಳ ಕಾರು ಕಾರಿನ ಹಾಗೆ ಇರಲೇ ಇಲ್ಲ. ಮೂತಿ ಚೂಪಾಗಿ, ನಡು ಅಗಲವಾಗಿ, ಚಕ್ರ ಇಟ್ಟ ದೋಣಿಯ ಹಾಗಿತ್ತು. ಅಪ್ಪನಿಗೂ ಮುಟ್ಟಲು ಬಿಟ್ಟಿರಲಿಲ್ಲ. ನೂರಮೂವತ್ತು ಗ್ರಾಂ. ಕೈಯಲ್ಲಿ ಮೂರು ಬ್ಯಾಂಡೇಜು.

ಹೆಡ್ ಮೇಡಂ ಮೊದಲ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಟೀಚರ್ ವಿಸಿಲ್ ಊದಿದರು. ಮೂರು ಕಾರು ಬಿಟ್ಟರು. ಅವು ಗಜದಷ್ಟು ಓಡಿದವು, ಆಮೇಲೆ ನಡೆದವು, ಹಲಗೆಯ ನಡುವೆ ನಿಂತೇ ಬಿಟ್ಟವು. ಇನ್ನು ಮೂರು ಬಿಟ್ಟರು. ಅವು ಮೊದಲಿನವಕ್ಕೆ ಹೋಗಿ ಅಂಟಿಕೊಂಡವು. ಒಂದು ಮಗು ಅಳಲು ಶುರು ಮಾಡಿತು. ಶಾಲೆಯ ಹಿಂದಿನಿಂದ ಒಂದು ಬೆಕ್ಕು ಬಂದು ಹಲಗೆಯ ಕೆಳತುದಿಯನ್ನು ನೆಕ್ಕತೊಡಗಿತು.

ಹೆಡ್ ಮೇಡಂ ವಾಚು ನೋಡಿಕೊಂಡರು.

ಆಗ ಮಣಿಪಾಲದ ಆ ಅಪ್ಪ ಮುಂದೆ ಬಂದು, ಸಮುದ್ರದ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ, ಮರ ಅದನ್ನು ಹೀರಿಕೊಂಡಿದೆ ಎಂದು ಪಾಠ ಶುರು ಮಾಡಿದ. ಕಾರ್ಕಳದ ಒಬ್ಬರು, “ಗಾಳಿಯಲ್ಲ, ಆಚಾರಿ ಸರಿ ಹತ್ತರಿ ಹೊಡೀಲಿಲ್ಲ, ನೋಡಿ,” ಎಂದರು. ಮತ್ತೆ ನಾಲ್ಕು ಜನ ಹೌದು ಹೌದು ಎಂದರು. ಆಚಾರಿ ಅಲ್ಲೇ ಬಾವಿಕಟ್ಟೆಯ ಹತ್ತಿರ ನಿಂತಿದ್ದ. ತನ್ನ ಕೆಲಸ ನೋಡಲು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅವನು ಹಲಗೆಯ ಮೇಲೆ ಬೆರಳಿಟ್ಟು, ಮೂಗಿಗೆ ಹಿಡಿದು, ನನ್ನ ಮುಖ ನೋಡಿದ. ಬೆರಳನ್ನು ಒರೆಸಿಕೊಂಡು ಬಾವಿಕಟ್ಟೆಗೆ ಹೋಗಿ ಕೂತ. ಅವನಿಗೆ ಅರ್ಥವಾಗಿತ್ತು.

ನಾನು ಕೂಡಲೇ ಎದ್ದು ಒಪ್ಪಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಸ್ವಲ್ಪ ಹೊತ್ತು ಕೂತಿದ್ದೆ. ಗಾಳಿಯ ತಲೆಗೇ ಹೋಗಲಿ ಎಂದು ಕೂಡ ಯೋಚಿಸಿದೆ. ಆದರೆ ಟೀಚರ್ ಹೆಡ್ ಮೇಡಮ್ಮಿನ ಮುಂದೆ ನಿಂತು, “ತಪ್ಪು ನನ್ನದು ಮೇಡಂ, ನಿನ್ನೆಯೇ ಒಂದು ಸಲ ಓಡಿಸಿ ನೋಡಬೇಕಿತ್ತು,” ಎನ್ನುತ್ತಿದ್ದರು. ಮೊಮ್ಮಗಳು ಸ್ಕಾರ್ಫಿನ ತುದಿಯನ್ನು ಬಾಯಿಗೆ ಹಾಕಿ ಕಚ್ಚುತ್ತಿದ್ದಳು. ನಾನು ಎದ್ದೆ.

“ಗಾಳಿಯೂ ಅಲ್ಲ, ಆಚಾರಿಯೂ ಅಲ್ಲ. ನಾನು ಬೂತಾಯಿ ಎಣ್ಣೆ ಹಚ್ಚಿದ್ದೇನೆ. ಅದು ಒಣಗಿಲ್ಲ.”

ಉಡುಪಿಯ ಆ ಅಮ್ಮ, “ನಾನು ಆಗಿಂದ ಹೇಳ್ತಾ ಇದ್ದೇನೆ, ಎಂತದೋ ವಾಸನೆ ಅಂತ!” ಎಂದು ಗೆದ್ದವರ ಹಾಗೆ ಸೆರಗು ಇಳಿಸಿದರು. ಎಂಜಿನಿಯರ್ ಅಪ್ಪ ಮೊದಲು ನಕ್ಕ. ಆಮೇಲೆ ಎಲ್ಲರೂ. ಹೆಡ್ ಮೇಡಂ ಮಾತ್ರ ನಗಲಿಲ್ಲ.

“ಈಗ ಎಂತ ಮಾಡುದು ಅಜ್ಜೀ?” ಟೀಚರ್ ನನ್ನ ಹತ್ತಿರ ಬಂದು ಕೇಳಿದರು.

ಮೀನೆಣ್ಣೆ ತೆಗೆಯಲು ನೀರು ಮುಟ್ಟಿಸಬಾರದು. ತೌಡು ಬೇಕು. ಅಕ್ಕಿಯ ತೌಡು ಎಣ್ಣೆಯನ್ನು ಬತ್ತಿಯ ಹಾಗೆ ಎಳೆದುಕೊಳ್ಳುತ್ತದೆ. ಶಾಲೆಯ ಎದುರು ಮನೆಯಲ್ಲಿ ದನ ಉಂಟು, ಅಲ್ಲಿಂದ ಒಂದು ಗೋಣಿ ತೌಡು ತರಿಸಿದೆ. ಉಜ್ಜಲು ತೆಂಗಿನ ಸಿಪ್ಪೆಗೆ ನಮ್ಮೂರಿನಲ್ಲಿ ಬರ ಎಲ್ಲಿ? ಹಲಗೆಯ ಮೇಲೆ ತೌಡು ಸುರಿದು ಹೇಳಿದೆ:

“ಇನ್ನು ಅಪ್ಪಂದಿರೆಲ್ಲ ಬನ್ನಿ. ವಿಡಿಯೋ ಸಾಕು, ಮೊಬೈಲ್ ಕಿಸೆಗೆ ಹಾಕಿ. ಕಾರು ಕೆತ್ತಲಿಕ್ಕೆ ಬಂದ ಕೈಗೆ ಹಲಗೆ ತಿಕ್ಕಲಿಕ್ಕೂ ಬರ್ತದೆ.”

ಬಂದರು. ಪ್ಯಾಂಟಿನವರು, ಪಂಚೆಯವರು, ಎಲ್ಲರೂ ಹಲಗೆಯ ಎರಡೂ ಬದಿ ಮೊಣಕಾಲೂರಿ ಸಿಪ್ಪೆಯಲ್ಲಿ ಉಜ್ಜಿದರು. ಮಕ್ಕಳಿಗೆ ಅದು ಓಟಕ್ಕಿಂತ ದೊಡ್ಡ ತಮಾಷೆಯಾಯಿತು. ಸುತ್ತ ನಿಂತು, “ಅಪ್ಪಾ, ಅಲ್ಲಿ ಬಿಟ್ಟಿದ್ದಿ! ಅಪ್ಪಾ, ಜೋರಾಗಿ!” ಎಂದು ಬೊಬ್ಬೆ ಹೊಡೆದರು. ಮೂರು ಸಲ ತೌಡು ಬದಲಾಯಿಸಿದೆವು. ಆಚಾರಿ ಕೊನೆಯಲ್ಲಿ ಮರಳು ಕಾಗದ ಹಿಡಿದ. ಹತ್ತಿರದ ಯುವಕರ ಕ್ಲಬ್ಬಿನಿಂದ ಕೇರಂ ಪೌಡರ್ ಬಂತು. ಅದು ಟೀಚರಿನ ಬುದ್ಧಿ, ನನ್ನದಲ್ಲ.

ಮತ್ತೆ ವಿಸಿಲ್ ಊದಿದಾಗ ಕಾರುಗಳು ಬಿಳಿ ಧೂಳೆಬ್ಬಿಸುತ್ತಾ ಇಳಿದವು. ನನ್ನ ಸೊಸೆ ಮಲ್ಲಿಗೆ ಬೆಳೆಯುವ ಶಂಕರಪುರದವಳು. ಮಲ್ಲಿಗೆ ಕಟ್ಟುವ ಬಾಳೆನಾರನ್ನು ಅವಳು ಗೆಲುವಿನ ಗೆರೆಯಾಗಿ ಕೆಳಗೆ ಅಡ್ಡ ಹಿಡಿದಿದ್ದಳು. ಕಾರುಗಳು ಅದನ್ನು ಹರಿದುಕೊಂಡು ಜಗಲಿಯ ಗೋಡೆಗೆ ಹೋಗಿ ಬಡಿದವು. ಟೀಚರ್ ಒಂದೊಂದು ಕಾರಿನ ಸೆಕೆಂಡನ್ನೂ ಬರೆದು ಲೆಕ್ಕ ಹಾಕಿದಾಗ ಕಾರ್ಕಳದ ಒಬ್ಬ ಹುಡುಗ ಗೆದ್ದ. ಬಹುಮಾನಕ್ಕೆ ಒಂದು ಚೆಂಡು ಮಲ್ಲಿಗೆ ಕೊಟ್ಟರೆ ಅದನ್ನು ಕಾರಿಗೇ ಸುತ್ತಿದ. ಎರಡು ಗ್ರಾಂ ಕೆರೆದ ಕಪ್ಪು ಕಾರು ನಾಲ್ಕನೆಯದು. ನನ್ನ ಮೊಮ್ಮಗಳ ದೋಣಿ ಇಪ್ಪತ್ತೊಂಬತ್ತನೆಯದು.

“ಮೂರು ಜನರನ್ನು ಸೋಲಿಸಿದೆ ಅಜ್ಜೀ!” ಎಂದು ಓಡಿ ಬಂದಳು. ಹುಬ್ಬಿನ ಮೇಲೆಲ್ಲ ಪೌಡರ್.

“ಚಕ್ರ ಸೊಟ್ಟ ಉಂಟು. ಇನ್ನೊಮ್ಮೆ ಮಾಡುವಾಗ ನೇರ ಇಡು.”

ಇನ್ನೊಮ್ಮೆ ಎಂದದ್ದಕ್ಕೆ ಅವಳು ಮತ್ತೆ ಸ್ಕಾರ್ಫಿನ ತುದಿ ಕಚ್ಚಿ ಹೆಡ್ ಮೇಡಮ್ಮಿನ ಕಡೆ ನೋಡಿದಳು. ನಾನೂ ನೋಡಿದೆ. ಮೇಡಮ್ಮಿನ ಸುತ್ತ ಎಂಟು ಹತ್ತು ತಾಯಂದಿರು ನಿಂತು, ಬುಲ್‌ಬುಲ್‌ಗೆ ನಮ್ಮ ಮಗಳನ್ನೂ ಸೇರಿಸಿಕೊಳ್ಳುತ್ತೀರಾ ಎಂದು ಕೇಳುತ್ತಿದ್ದರು. ಅವರು ಅದಕ್ಕೆ ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಸೀದಾ ನನ್ನ ಹತ್ತಿರ ಬಂದರು.

“ಅಜ್ಜೀ, ಇಷ್ಟು ಉದ್ದದ ಹಲಗೆ ಇಡಲಿಕ್ಕೆ ನಮ್ಮಲ್ಲಿ ಜಾಗ ಇಲ್ಲ. ಬರುವ ವರ್ಷದವರೆಗೆ ಎಲ್ಲಿ ಇಡುದು?”

ಟೀಚರ್ ಅಲ್ಲಿಯೇ ಮೆಟ್ಟಿಲಿನ ಮೇಲೆ ಕೂತುಬಿಟ್ಟರು. ಮೊಮ್ಮಗಳು ಸ್ಕಾರ್ಫ್ ಬಾಯಿಯಿಂದ ತೆಗೆದಳು.

“ಜಾಗ ನನ್ನಲ್ಲಿ ಉಂಟು,” ಎಂದೆ.

“ಎಣ್ಣೆ?”

“ಇನ್ನು ಮುಟ್ಟುದಿಲ್ಲ.”

ಆಗ ಅವರು ನಕ್ಕರು.

ಮರುದಿನ ಬೆಳಿಗ್ಗೆ ಮೀನಿಗೆ ಹೋಗುವ ಮೊದಲು ಕೊಟ್ಟಿಗೆಯಿಂದ ಹರಿದ ಬಲೆಗಳನ್ನೆಲ್ಲ ಹೊರಗೆ ಹಾಕಿದೆ. ಗೋಡೆಗೆ ನಾಲ್ಕು ಗೂಟ ಹೊಡೆಸಿ ಹಲಗೆಗಳನ್ನು ನೆಲದಿಂದ ಎತ್ತರದಲ್ಲಿ ಮಲಗಿಸಿದೆ. ಉಳಿದ ಎಣ್ಣೆಯನ್ನು ಡಬ್ಬಿ ಸಮೇತ ಪಕ್ಕದ ಮನೆಗೆ ಕೊಟ್ಟೆ. ಅವರಲ್ಲಿ ಈಗಲೂ ಒಂದು ಮರದ ದೋಣಿ ಉಂಟು. ಆಮೇಲೆ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಮಾರ್ಕೆಟಿಗೆ ಹೋದೆ.