ಎರಡು ಸಲ ಚುಚ್ಚಿದ ರಕ್ತ

ಅವರ ಎಡ ಮೊಣಕೈಯ ಒಳಮಡಿಕೆಯಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳಿದ್ದವು. ಆಸ್ಪತ್ರೆಯ ಲ್ಯಾಬಿನಲ್ಲಿ ಯಾರ ರಕ್ತ ಹೆಪ್ಪುಗಟ್ಟುವುದನ್ನು ಪರೀಕ್ಷಿಸಬೇಕಾದರೂ ಅವರು ಮೊದಲು ತಮ್ಮ ತೋಳಿಗೇ ಸೂಜಿ ಚುಚ್ಚಿಸಿಕೊಂಡು, ಆ ರಕ್ತವನ್ನು ರೋಗಿಯದರ ಪಕ್ಕದಲ್ಲಿಡುತ್ತಿದ್ದರು. "ಜೊತೆಗೊಂದು ನೆಟ್ಟಗಿರೋದು ಇದ್ರೇನೇ ಕಣಮ್ಮ, ಸೊಟ್ಟಗಿರೋದು ಕಾಣೋದು" ಎನ್ನುತ್ತಿದ್ದರು. ಮಂಡಿ ಮೊಹಲ್ಲಾದ ವಠಾರದಲ್ಲಿ ನಮ್ಮ ಪಕ್ಕದ ಮನೆ ಅವರದು. ಅವ್ವ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನಮಗೆ ಲ್ಯಾಬ್ ಮಾವ. ಎಲ್ಲಕ್ಕೂ ಗಡಿಯಾರ ನೋಡುವ ಮನುಷ್ಯ. ಹಾಲಿಗೆ ಹೆಪ್ಪು ಹಾಕಿದ್ದು ಎಷ್ಟು ಹೊತ್ತಿಗೆ ಎಂದು ಅವ್ವನನ್ನು ಕೇಳಿ ಬೈಸಿಕೊಂಡದ್ದೂ ಉಂಟು.

ಅರವತ್ತರ ದಶಕದ ಆರಂಭ. ನನಗೆ ಹದಿನೇಳು, ತಮ್ಮನಿಗೆ ಎಂಟು. ಅವನ ಟಾನ್ಸಿಲ್ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ರಕ್ತ ತೆಗೆಯುವ ಮುಂಚೆ ಮಾವ ಅವ್ವನನ್ನು ಕೇಳಿದರು: "ನಿಮ್ಮ ತವರಲ್ಲಿ ಯಾರಿಗಾದ್ರೂ ರಕ್ತ ನಿಲ್ದೆ ತೊಂದ್ರೆ ಆಗಿತ್ತೇನಮ್ಮ?"

"ಅಂಗೇನಿಲ್ಲ ಕಣಣ್ಣ" ಎಂದಳು ಅವ್ವ.

ತವರೂರು ಹಿನಕಲ್‌ನಲ್ಲಿ ಅವ್ವನ ತಮ್ಮ ಹಲ್ಲು ಕೀಳಿಸಿಕೊಂಡು, ಮೂರು ದಿನ ರಕ್ತ ಸುರಿದು ಸತ್ತದ್ದು ನನಗೆ ಗೊತ್ತಿತ್ತು. ಆದರೆ ನನ್ನ ಮದುವೆಯ ವೀಳ್ಯಶಾಸ್ತ್ರ ಆಗಿತ್ತು. ಹೆಣ್ಣಿನ ಮನೆತನದಲ್ಲಿ ಇಂಥದ್ದಿದೆ ಎಂದು ಗಂಡಿನವರ ಕಿವಿಗೆ ಬಿದ್ದರೆ? ನಾನೂ ತುಟಿ ಬಿಚ್ಚಲಿಲ್ಲ.

ತಮ್ಮ ಕೊಸರಾಡಿದ. ಮೊದಲ ಸಲ ನರ ಸಿಗಲಿಲ್ಲ, ಅದೇ ಸೂಜಿಯಲ್ಲಿ ಎರಡನೆಯ ಸಲ ಚುಚ್ಚಿದರು. ಗಾಜಿನ ನಳಿಕೆಯನ್ನು ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು, ಅರ್ಧ ನಿಮಿಷಕ್ಕೊಮ್ಮೆ ಓರೆ ಮಾಡಿ ನೋಡಿದರು. ಎಂಟು ನಿಮಿಷಕ್ಕೆ ರಕ್ತ ಗಟ್ಟಿಯಾಯಿತು. ಅವ್ವ ಕೈ ಮುಗಿದಳು. ನಾಳೆಯೇ ಆಪರೇಷನ್ ಎಂದರು ಡಾಕ್ಟರು.

ಸಂಜೆ ಮಾವ ನಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ರುಜು ಹಾಕದ ರಿಪೋರ್ಟು.

"ತಪ್ಪು ಮಾಡ್ಬುಟ್ಟೆ ಕಣಮ್ಮ. ಸೂಜಿ ಮಾಂಸದಲ್ಲಿ ತಡಕಾಡಿದ್ರೆ ಅಲ್ಲಿನ ರಸ ಸೇರ್ಕೊಂಡು, ನಿಲ್ಲದ ರಕ್ತಾನೂ ಬೇಗ ಹೆಪ್ಪುಗಟ್ಟುತ್ತೆ. ಬೇರೆ ತೋಳಲ್ಲಿ, ಬೇರೆ ಸೂಜೀಲಿ ತಗೋಬೇಕಿತ್ತು. ಇನ್ನೊಂದು ಸಲ ಕೇಳ್ತೀನಿ, ತವರಲ್ಲಿ ಯಾರಿಗೂ ಇಲ್ವಾ?"

ಅವ್ವ ಸೆರಗು ಹಿಂಡುತ್ತಾ ಇಲ್ಲವೆಂದು ತಲೆಯಾಡಿಸಿದಳು.

"ಸೂಜಿ ಒಂದು ಸುಳ್ಳು ಹೇಳ್ತು. ನೀವೂ ಒಂದು ಹೇಳಿದ್ರೆ ಮಗು ಎಲ್ಲಿಗೆ ಹೋಗ್ಬೇಕು ತಾಯಿ?"

"ನಮ್ಮ ಸ್ವಂತ ಮಾವ ಹಂಗೇ ಸತ್ತಿದ್ದು" ಎಂದುಬಿಟ್ಟೆ. ಅವ್ವ ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ.

ಬೆಳಿಗ್ಗೆ ಲ್ಯಾಬ್ ಮಾವ ಡಾಕ್ಟರ ಮುಂದೆ ತಪ್ಪೊಪ್ಪಿಕೊಂಡು, ಬೈಸಿಕೊಂಡು, ಆಪರೇಷನ್ ನಿಲ್ಲಿಸಿದರು. ಇನ್ನೊಂದು ತೋಳಿನಿಂದ ಒಂದೇ ಚುಚ್ಚಿಗೆ ರಕ್ತ ತೆಗೆದರು. ಹತ್ತು ನಿಮಿಷವಾಯಿತು, ಹದಿನೈದಾಯಿತು, ಇಪ್ಪತ್ತಾಯಿತು. ಓರೆ ಮಾಡಿದಾಗಲೆಲ್ಲ ರಕ್ತ ನೀರಿನಂತೆ ಜಾರುತ್ತಿತ್ತು. ಪಕ್ಕದಲ್ಲಿದ್ದ ಮಾವನ ರಕ್ತ ಯಾವಾಗಲೋ ಗಟ್ಟಿಯಾಗಿತ್ತು. ಆಮೇಲೆ ಅವರು ಹೆಪ್ಪುಗಟ್ಟದಂತೆ ಮದ್ದು ಬೆರೆಸಿ ಬೇರೆ ಇಟ್ಟಿದ್ದ ಎರಡೂ ರಕ್ತದ ತಿಳಿ ಬೇರ್ಪಡಿಸಿ, ಹುಡುಗನ ತಿಳಿಗೆ ಸ್ವಂತದ್ದನ್ನು ಸ್ವಲ್ಪ ಬೆರೆಸಿ ನೋಡಿದರು. ಅದು ಹೆಪ್ಪುಗಟ್ಟಿತು.

"ರಕ್ತ ನಿಲ್ಲಿಸೋ ಒಂದು ಪ್ರೋಟೀನು ಇವನಲ್ಲಿ ಕಮ್ಮಿ ಕಣಮ್ಮ, ನನ್ನಲ್ಲಿದೆ. ತಾಯಿ ಕಡೆಯಿಂದ ಬರೋ ಕಾಯಿಲೆ ಇದು. ಇವನಿಗೆ ಕತ್ತಿ ಮುಟ್ಟಿಸ್ಬಾರ್ದು" ಎಂದರು.

ನನ್ನ ಸಂಬಂಧ ಮುರಿಯಿತು. ಮಾವ ಯಾರಿಗೂ ಹೇಳಿರಲಿಲ್ಲ. ಆಪರೇಷನ್ ನಿಂತ ಸುದ್ದಿಯೇ ಸಾಕಾಯಿತು. ಬೇಸರವಾಗಲಿಲ್ಲ ಎಂದರೆ ಸುಳ್ಳು, ವಾರಗಟ್ಟಲೆ ಅತ್ತೆ. ಅವ್ವ ಲ್ಯಾಬ್ ಮಾವನೊಂದಿಗೆ ಮಾತು ಬಿಟ್ಟಳು. ತಮ್ಮ ಬಿದ್ದು ಮಂಡಿ ಊದಿಸಿಕೊಂಡಾಗಲೆಲ್ಲ ಅವರು ಮಾತ್ರ ಕರೆಯದೆಯೇ ಬಂದು ಬಟ್ಟೆ ಕಟ್ಟುತ್ತಿದ್ದರು. ರಕ್ತ ಕೊಡಬೇಕಾಗಿ ಬಂದರೆ, ಗುಂಪು ಹೊಂದುತ್ತಿದ್ದುದರಿಂದ ಅದೇ ಎಡದೋಳು ಚಾಚುತ್ತಿದ್ದರು. ಅವ್ವ ಅಡುಗೆಮನೆಯಿಂದ ಲೋಟದಲ್ಲಿ ಹಾಲು ಕಳಿಸುತ್ತಿದ್ದಳು, ಮುಖ ತೋರಿಸುತ್ತಿರಲಿಲ್ಲ.

ವರ್ಷಗಳ ಮೇಲೆ ಅವರು ತೀರಿಕೊಂಡ ದಿನ ಅವ್ವ ತಾನೇ ಹೊರಬಂದು ತಮ್ಮನ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದಳು.

"ಓಗೋ, ನಿನ್ನ ಸೋದರಮಾವ ಕಣೋ. ಎಗಲು ಕೊಡು."

ಊದಿದ ಮಂಡಿಯಲ್ಲೇ ಅವನು ಬೀದಿಯ ಕೊನೆಯವರೆಗೂ ಕುಂಟುತ್ತಾ ಚಟ್ಟ ಹೊತ್ತ.