ಖಂಡೆ ಪೂಜೆಯ ತಾಟಿನಲ್ಲಿದ್ದ ಸೂಜಿಗಲ್ಲು

ವಿಜಯದಶಮಿಯ ಬೆಳಿಗ್ಗೆ ಎಂದಿನಂತೆ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಿದೆ. ಚಹಾಕ್ಕೆ ಇಟ್ಟು, ದೇವರ ಮನೆಯಿಂದ ಹಿಂದಿನ ದಿನದ ಖಂಡೆ ಪೂಜೆಯ ತಾಟು ಇಳಿಸಿದೆ. ಆ ಆಯುಧಪೂಜೆಗೆ ಇಟ್ಟ ಹತ್ಯಾರುಗಳನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ನನ್ನ ಈಳಿಗೆ, ನಮ್ಮವರ ನಟ್ಟು ಬಿಗಿಯುವ ಪಾನಾ, ನಾದಿನಿಯ ಕಂಪ್ಯೂಟರ್ ಫ್ಲಾಪಿ. ಫ್ಲಾಪಿಯ ಕೆಳಗೆ, ಹಳೆಯ ಸ್ಪೀಕರಿನಿಂದ ಬಿಚ್ಚಿದ ಅವಳ ದುಂಡನೆಯ ಸೂಜಿಗಲ್ಲು. ಎರಡಕ್ಕೂ ಸೇರಿ ಒಂದೇ ಸೇವಂತಿ.

ನಾದಿನಿ ಧಾರವಾಡದಲ್ಲಿ ಗಣಿತದ ಸಂಶೋಧನೆ ಮಾಡುತ್ತಿದ್ದಳು. ಕಾಂತೀಯ ವಸ್ತುವಿನೊಳಗೆ ವಿದ್ಯುತ್ ಕಣವೊಂದು ಹೇಗೆ ಬಾಗುತ್ತಾ ಸಾಗುತ್ತದೆ ಎಂಬುದು ಅವಳ ವಿಷಯ. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ನಮಗೆ ಒಮ್ಮೆ, ಹೆಚ್ಚೆಂದರೆ ಎರಡು ಸಲ ಅವಕಲನ, ಅಂದರೆ ಡಿಫರೆನ್ಸಿಯೇಷನ್, ಮಾಡಲು ಕಲಿಸಿದ್ದರು. ಇವಳು ಅರ್ಧ ಸಲ ಮಾಡುತ್ತಾಳೆಂದು ಕೇಳಿ ನಕ್ಕಿದ್ದೆ. ಆಗ ಅವಳು ಅಡುಗೆಮನೆಯಲ್ಲೇ ಹಾಳೆಯ ಕೆಳಗೆ ಆ ಸೂಜಿಗಲ್ಲು ಹಿಡಿದು ಕಬ್ಬಿಣದ ಪುಡಿ ಉದುರಿಸಿದಳು. ಪುಡಿ ನನ್ನ ರಂಗೋಲಿಯ ಎಳೆಗಳಂತೆ ಬಾಗಿ ನಿಂತಿತು. ಮಾಮೂಲಿ ಲೆಕ್ಕ ಈ ಕ್ಷಣದ ತಿರುವನ್ನಷ್ಟೇ ನೋಡುತ್ತದೆ, ಅರ್ಧದ ಲೆಕ್ಕ ನಡೆದು ಬಂದ ದಾರಿಯನ್ನೆಲ್ಲ ನೆನಪಿಡುತ್ತದೆ ಅಂದಿದ್ದಳು.

ಪ್ರಬಂಧದ ಕೊನೆಯ ಅಧ್ಯಾಯ ಆ ಫ್ಲಾಪಿಯಲ್ಲಿತ್ತು. ಮರುದಿನ ಗೈಡ್ ಕೈಗೆ ಕೊಡಬೇಕಿತ್ತು. ಚಹಾ ಕುಡಿದವಳೇ ಪ್ರಿಂಟ್ ತೆಗೆಸಲು ಉಣಕಲ್ಲಿನ ಕಂಪ್ಯೂಟರ್ ಸೆಂಟರಿಗೆ ಹೋದಳು.

ನಾನು ಹೋಳಿಗೆ ಬೇಯಿಸುತ್ತಿದ್ದಾಗ ಚಪ್ಪಲಿ ಕಳಚದೆಯೇ ಒಳಗೆ ಬಂದಳು. ಎಂದೂ ಹಾಗೆ ಬಂದವಳಲ್ಲ.

"ಏನೂ ಉಳಿದಿಲ್ಲರಿ ವೈನಿ. ಸೂಜಿಗಲ್ಲು ಎಲ್ಲಾ ಅಳಿಸಿಬಿಟ್ಟೈತಿ. ತಾಟಿನ್ಯಾಗ ಜೋಡಿ ಮಾಡಿ ಇಟ್ಟಾಕಿ ನಾನ."

ಹೋಳಿಗೆ ಹೊತ್ತಿದ ವಾಸನೆ ಬಂದ ಮೇಲೆಯೇ ಒಲೆ ಆರಿಸಿದೆ. ಫ್ಲಾಪಿಯೂ ಕಾಂತೀಯ ವಸ್ತುವೇ ಎಂದು ನನಗೆ ಹೇಳಿಕೊಟ್ಟವಳೇ ಅವಳು. ಪೂಜೆಯ ಹೊತ್ತಿಗೆ ಅವೆರಡೂ ಅವಳ ಕಣ್ಣಿಗೆ ಬರೀ ತನ್ನ ಹತ್ಯಾರುಗಳಾಗಿದ್ದವಂತೆ. ಸೆಂಟರಿನವರು ಗಿರಾಕಿಗಳ ಕೆಲಸವನ್ನು ತಮ್ಮ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಉಣ್ಣದೆ ಕಿಟಕಿಯ ಬದಿಗೆ ಕೂತು, ನೆನಪಿದ್ದಷ್ಟನ್ನು ಬರೆಯತೊಡಗಿದಳು. ಇಳಿಹೊತ್ತಿಗೆ ನೋಡಿದರೆ, ಒಂದು ಸಾಲಿನ ನಡುವೆ ಪೆನ್ನು ನಿಂತೇ ಇತ್ತು.

ಸಂಜೆ ಪಕ್ಕದ ಮನೆಯ ಕಾಕು ಬನ್ನಿ ಎಲೆ ಹಿಡಿದು ಬಂದರು. ಬಂಗಾರದಂಗ ಇರೂಣು ಎಂದು ಇಬ್ಬರ ಕೈಗೂ ಕೊಟ್ಟರು. ನಾದಿನಿ ಅವರ ಕಾಲಿಗೆ ನಮಸ್ಕರಿಸಿ, ಮತ್ತೆ ಹಾಳೆಯ ಮುಂದೆ ಕೂತಳು. ಕಾಕುವಿನ ಕಣ್ಣು, ಇನ್ನೂ ಕುಂಕುಮ ಅಳಿಯದ ಸೂಜಿಗಲ್ಲಿನ ಮೇಲೆ ಬಿತ್ತು.

"ಭಾಳ ಛಲೋ ಐತೆಲ್ಲ ಇದು. ನಾಕು ದಿನ ಕೊಡವಾ, ನಮ್ಮ ಹೊಲಿಗಿ ಮಷೀನಿನ ಸೂಜಿ ಎಲ್ಲೋ ಬಿದ್ದಾವ."