ಹಲ್ಲು ಬಂದ್ರ ಹಾಲು ಸಾಕು

ತಳಕಲ್ಲಿನ ಶಾಲೆಗೆ ಹೊಸದಾಗಿ ವರ್ಗವಾಗಿ ಬಂದ ಮಾಸ್ತರರು ಹುಲಗೆಮ್ಮನನ್ನು ಮೊದಲು ಕಂಡದ್ದು ಶಾಲೆಯ ಕಂಪೌಂಡ್ ಗೋಡೆಯ ಮೇಲೆ. ಸೆರಗನ್ನು ಸೊಂಟಕ್ಕೆ ಬಿಗಿದು, ಒಂದು ಕೈಯಲ್ಲಿ ಬೇವಿನ ಟೊಂಗೆ ಹಿಡಿದು, ಇನ್ನೊಂದು ಕೈಯಿಂದ ಎಳೆಯ ಸೊಪ್ಪನ್ನು ಉಡಿಗೆ ಹಾಕಿಕೊಳ್ಳುತ್ತಿದ್ದಳು. ಎರಡನೆಯ ತರಗತಿಯ ಮಕ್ಕಳು ಕಾಗುಣಿತ ಬಿಟ್ಟು ಕಿಟಕಿಗೆ ಬಂದಿದ್ದರು.

“ಯಾರಿಗೆ ಏನಾಗೇತಿ ತಾಯಿ?” ಎಂದು ಮಾಸ್ತರರು ಕೇಳಿದರು.

“ಏನೂ ಆಗಿಲ್ರಿ. ವಿರುಪಣ್ಣನ ಸೊಸಿ ಮಗನಿಗೆ ಹಾಲು ಬಿಡಿಸಬೇಕಾಗೇತಿ. ಎರಡೂವರಿ ವರ್ಷದಾಂವ ಅದಾನ. ಹಿಂಗs ಬಿಟ್ರ ನಿಮ್ಮ ಸಾಲಿಗೂ ಅವ್ವನ್ನ ಕರಕೊಂಡು ಬರ್ತಾನ.”

ಹಾಲು ಬಿಡಿಸುವುದು ಹುಲಗೆಮ್ಮನ ಕೈಗುಣವೆಂದು ಸುತ್ತಲಿನ ಊರಲ್ಲೆಲ್ಲ ಹೆಸರಿತ್ತು. ಆಡಿನ ಮರಿಯಿರಲಿ, ಮನುಷ್ಯರ ಕೂಸಿರಲಿ, ಮೊದಲು ಅದರ ಬಾಯಿ ಬಿಡಿಸಿ ಬೆರಳಾಡಿಸುವಳು. “ಹಲ್ಲು ಬಂದ್ರ ಹಾಲು ಸಾಕು” ಎನ್ನುವಳು. ಆಮೇಲೆ ಬೇವನ್ನು ಅರೆದು ಮೊಲೆಗೆ ಹಚ್ಚಿಸುವಳು, ಕೂಸಿನ ಕೈಗೆ ಬೆಲ್ಲದ ಚೂರು ಕೊಡುವಳು, ಅಳುವ ತಾಯಿಗೆ ಗದರುವಳು. ಮೂರನೆಯ ದಿನಕ್ಕೆ ಕೂಸು ರೊಟ್ಟಿ ಕಡಿಯುತ್ತಿತ್ತು. ಒಮ್ಮೆಯೂ ಸೋತವಳಲ್ಲ.

ಮುಂದೆ ಕೆಲವು ವರ್ಷಕ್ಕೆ ಮೊಣಕಾಲು ಹಿಡಿದುಕೊಂಡ ಮೇಲೆ, ತಾನು ಕಾಯುತ್ತಿದ್ದ ಆಡುಗಳನ್ನು ಮಾರಿದಳು. ಭಾಗ್ಯನಗರದಲ್ಲಿ ಬೀಜದ ವ್ಯಾಪಾರಿ ಪ್ರಭುರಾಜನ ಮನೆಯಲ್ಲಿ ಕೆಲಸ ಹಿಡಿದು, ದಿನಾ ಮುಂಜಾನೆಯ ಬಸ್ಸಿಗೆ ಹೋಗಿ ಬರತೊಡಗಿದಳು. ಆ ಮನೆಯ ಮಗಳು ಅಮೃತಾ ಧಾರವಾಡದಲ್ಲಿ ಓದುತ್ತಿದ್ದಳು. ಹೋದ ವರ್ಷ ರಜೆಯಲ್ಲಿ ಬರುವಾಗ ಒಂದು ಪಂಜರ ತಂದಳು. ಅದರೊಳಗೆ ಮೊಲದಂಥ ಕಿವಿ, ಇಲಿಯಂಥ ಮೂತಿ, ಅಳಿಲಿನಂಥ ಬಾಲದ ಬೂದು ಪ್ರಾಣಿ. ಚಿಂಚಿಲ್ಲಾ ಎಂದು ಅದರ ಹೆಸರು. ತಣ್ಣನೆಯ ಬೆಟ್ಟದ ನಾಡಿನದು. ಕೊಪ್ಪಳದ ಸೆಕೆ ತಾಳದು. ಅದಕ್ಕೆಂದೇ ಒಂದು ಕೋಣೆಗೆ ಎಸಿ ಹಾಕಿಸಿದರು.

“ಮಂದಿ ಇಲಿಗೆ ಬೋನು ಇಡ್ತಾರ, ನಮ್ಮ ಮನ್ಯಾಗ ಎಸಿ ಇಟ್ಟಾರ ನೋಡು ಹುಲಗವ್ವ” ಎಂದಳು ಅಮೃತಾಳ ತಾಯಿ ಸುರೇಖಾ.

ಬಂದಾಗಲೇ ಗಬ್ಬವಾಗಿದ್ದ ಅದು ಎರಡು ಮರಿ ಹಾಕಿತು. ಮರಿಗಳಿಗೆ ಎರಡು ವಾರವಾದಾಗ ಅಮೃತಾ ಪರೀಕ್ಷೆಗೆ ಧಾರವಾಡಕ್ಕೆ ಹೊರಟಳು. ಹೊರಡುವಾಗ ಹುಲಗೆಮ್ಮನ ಕೈ ಹಿಡಿದು ಹೇಳಿದಳು: “ಮೈಗೆ ಒಂದು ಹನಿ ನೀರು ತಾಗಿಸಬ್ಯಾಡ. ಎಂಟು ವಾರ ತನಕ ತಾಯಿನ್ನ ಮರಿನ್ನ ಅಗಲಿಸಬ್ಯಾಡ. ಮರೀಬ್ಯಾಡ.”

“ನನಗ ಹಾಲಿನ ಲೆಕ್ಕ ಹೇಳಿಕೊಡ್ತೀ ಏನವ್ವ?” ಎಂದು ಹುಲಗೆಮ್ಮ ನಕ್ಕಳು.

ಎರಡನೆಯ ದಿನ ಕಸ ತೆಗೆಯುವಾಗ ತಾಯಿ ಕಿರ್ರೆಂದು ಕೂಗಿ ಕಾಲು ಝಾಡಿಸಿತು. ಹೊಟ್ಟೆಯ ಬಳಿ ರಕ್ತದ ಚುಕ್ಕೆ. ಸಣ್ಣ ಮರಿ ಕಚ್ಚಿತ್ತು. ಹುಲಗೆಮ್ಮ ಅದನ್ನೆತ್ತಿ ಬಾಯಿ ಬಿಡಿಸಿ ನೋಡಿದಳು. ಮುಂದೆ ಎರಡು ಗಟ್ಟಿ ಹಲ್ಲು. ಎರಡೂ ಮರಿಗಳು ಒಣಹುಲ್ಲು ಕಡಿಯುತ್ತಿದ್ದುದನ್ನೂ ಅವಳು ಕಂಡಿದ್ದಳು. ತಾಯಿಯೋ ಬಡವಾಗಿದೆ. ಇನ್ನೇನು ಬೇಕು? ಆದರೆ ಅಷ್ಟೇ ಆಗಿರಲಿಲ್ಲ. ಪುಸ್ತಕ ಓದಿದ ಹುಡುಗಿ ತಿರುಗಿ ಬಂದಾಗ ಕೆಲಸ ಮುಗಿದಿರಬೇಕು, ಅವಳು ಬೆರಗಾಗಬೇಕು ಎಂಬ ಹಟವೂ ಸೇರಿತು. ಮರಿಗಳನ್ನು ಕೋಣೆಯ ಇನ್ನೊಂದು ಮೂಲೆಯ ಪಂಜರಕ್ಕೆ ಹಾಕಿದಳು.

ಅಮೃತಾ ಫೋನಿನಲ್ಲಿ ಕೇಳಿದಾಗಲೆಲ್ಲ “ಛಲೋ ಅದಾವ” ಎಂದಳು. ದೊಡ್ಡ ಮರಿ ಹುಲ್ಲು ತಿನ್ನುತ್ತಿತ್ತು. ಸಣ್ಣದು ಮೂಲೆ ಹಿಡಿದು ಕೂತಿತು. ಆಡಿನ ಮರಿಯೂ ಎರಡು ದಿನ ಮುನಿಯುತ್ತದೆ ಎಂದುಕೊಂಡಳು. ಮೂರನೆಯ ದಿನ ಅಂಗೈಯಲ್ಲಿಟ್ಟುಕೊಂಡರೆ ಭಾರವೇ ಇರಲಿಲ್ಲ. ಹೆದರಿ ಎರಡನ್ನೂ ತಾಯಿಯ ಬಳಿ ಬಿಟ್ಟಳು. ತಾಯಿ ಸಣ್ಣದನ್ನು ಮೂಸಿ ಹೊಟ್ಟೆಯ ಕೆಳಗೆ ಎಳೆದುಕೊಂಡಿತು. ಚೀಪುವ ಕಸುವು ಅದಕ್ಕೆ ಉಳಿದಿರಲಿಲ್ಲ. ಮರುದಿನ ಮುಂಜಾನೆ ಬಸ್ಸಿಳಿದು ಬಂದು ನೋಡಿದರೆ ಮರಿ ಸೆಟೆದಿತ್ತು. ತಾಯಿ ಇನ್ನೂ ಅದರ ಮೇಲೆಯೇ ಕೂತಿತ್ತು.

ಹಿಂದಿನ ಮಧ್ಯಾಹ್ನ ಒಂದು ತಾಸು ಕರೆಂಟು ಹೋಗಿತ್ತು. ಸುದ್ದಿ ತಿಳಿದು, ಕೊನೆಯ ಪರೀಕ್ಷೆ ಬರೆದವಳೇ ಓಡಿ ಬಂದ ಅಮೃತಾ ಅದನ್ನೇ ಕಾರಣವೆಂದು ಹಿಡಿದುಕೊಂಡಳು.

“ಇನ್ವರ್ಟರ್ ರಿಪೇರಿ ಮಾಡಿಸಿ ಹೋಗಬೇಕಿತ್ತು. ನನ್ನಿಂದ ಸತ್ತಿತು. ಸೆಕಿ ಭಾಳ ಆಗಿತ್ತು ಹೌದಿಲ್ಲೋ, ಹುಲಗವ್ವ?”

ಹುಲಗೆಮ್ಮ ಕಸಬರಿಗೆ ಹಿಡಿದು ನಿಂತಿದ್ದಳು. “ಹೌದವ್ವ, ಸೆಕಿ ಭಾಳ ಇತ್ತು” ಎಂದಳು.

ಆ ಮಾತು ಅವಳನ್ನು ಬಿಡಲಿಲ್ಲ. ಸುಳ್ಳೇನೂ ಅಲ್ಲ, ಸೆಕೆ ಇತ್ತು ಎಂದು ಬಸ್ಸಿನಲ್ಲಿ ಕೂತು ತನಗೆ ತಾನೇ ಹೇಳಿಕೊಳ್ಳುವಳು. ಆದರೂ ಆ ಕೋಣೆಯನ್ನು ಗುಡಿಸುವಾಗ ತಾಯಿಪ್ರಾಣಿಯ ಕಡೆ ತಲೆಯೆತ್ತಿ ನೋಡಲಾರಳು. ಎಷ್ಟೋ ತಾಯಂದಿರಿಗೆ ಗದರಿದವಳು ಅಲ್ಲಿ ಬೇಗ ಬೇಗ ಕಸ ಬಳಿದು ಹೊರಬೀಳುವಳು. ಅಮೃತಾ ಊಟ ಬಿಟ್ಟಳೆಂದು ಸುರೇಖಾ ಹೇಳಿದಾಗ ಹುಲಗೆಮ್ಮ ತನ್ನ ಪಾಲಿನ ರೊಟ್ಟಿಯನ್ನು ಹಾಗೇ ಗಂಟು ಕಟ್ಟಿಕೊಂಡು ಹೋದಳು.

ಒಂದು ವಾರವಾದ ಮೇಲೆ ಅಮೃತಾ ರಟ್ಟಿನ ಡಬ್ಬಿಗೆ ತೂತು ಕೊರೆದು ಒಳಗೆ ಹುಲ್ಲು ಹಾಸುತ್ತಿದ್ದಳು.

“ಇದ್ಯಾತಕವ್ವ?”

“ಹುಬ್ಬಳ್ಳಿಯಾಗ ಒಬ್ಬರು ಸಾಕ್ತಾರಂತ. ಮಧ್ಯಾಹ್ನ ಬಂದು ತಾಯಿ-ಮರಿ ಎರಡನ್ನೂ ಒಯ್ತಾರ. ನನ್ನ ಕೈಯಾಗ ಬದುಕೂದಿಲ್ಲ ಅವು.”

ಹುಲಗೆಮ್ಮ ಅಂಗಳಕ್ಕೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ಒಂದೇ ಬೋಗುಣಿಯನ್ನು ಮೂರು ಸಲ ತಿಕ್ಕಿದಳು. ಆಮೇಲೆ ಬೂದಿಗೈಯಲ್ಲೇ ಒಳಗೆ ಬಂದು ಹೊಸ್ತಿಲ ಬಳಿ ನಿಂತಳು.

“ನಿನ್ನ ಕೈಯಾಗ ಅಲ್ಲ, ನನ್ನ ಕೈಯಾಗ ಸತ್ತದ್ದು. ನೀ ಹೋದ ಎರಡನೇ ದಿನಕ್ಕ ನಾ ಹಾಲು ಬಿಡಿಸಿದೆ. ಹಲ್ಲು ಬಂದಿದ್ದುವು.”

ಅಮೃತಾ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟಳು. “ಅವು ಹುಟ್ಟೂವಾಗs ಹಲ್ಲು ಇರತಾವ, ಹುಲಗವ್ವ” ಎಂದಳು. “ಅವತ್ತs ಯಾಕ ಹೇಳಲಿಲ್ಲ?”

“ನಾಚಿಕಿ ಬಂತು.”

“ನಾ ಎಂಟು ದಿನ ನನ್ನನ್ನs ಬೈಕೊಂಡೆ.”

“ನೋಡಿದೆ. ನೋಡಿಕೋತ ಸುಮ್ಮನಿದ್ದೆ.”

ಹುಬ್ಬಳ್ಳಿಗೆ ಬೇಡವೆಂದು ಫೋನು ಹೋಯಿತು. ಹುಲಗೆಮ್ಮನನ್ನು ಯಾರೂ ಕೆಲಸದಿಂದ ಬಿಡಿಸಲಿಲ್ಲ. ಆದರೆ ಮರುದಿನ ಪಂಜರದ ಬಾಗಿಲಿಗೆ ಒಂದು ಸಣ್ಣ ಬೀಗ ಬಿದ್ದಿತ್ತು. ಮರಿಗೆ ಎಂಟು ವಾರ ತುಂಬಿದ ದಿನ ಅಮೃತಾ ಬೀಗ ತೆಗೆದು “ನೀನs ತಗಿ” ಎಂದಳು. ಹುಲಗೆಮ್ಮ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದೆ ಸರಿದಳು. ಮರಿಯನ್ನು ಅಮೃತಾಳೇ ಎತ್ತಿದಳು.

ಹುಲಗೆಮ್ಮ ಈಗಲೂ ಮುಂಜಾನೆಯ ಬಸ್ಸಿಗೆ ಭಾಗ್ಯನಗರಕ್ಕೆ ಹೋಗುತ್ತಾಳೆ, ಆ ಕೋಣೆಯ ಕಸ ತೆಗೆಯುತ್ತಾಳೆ. ತಳಕಲ್ಲಿನಲ್ಲಿ ಹಾಲು ಬಿಡಿಸಲು ಕರೆಯುವವರು ಇನ್ನೂ ಇದ್ದಾರೆ. ಕರೆದವರಿಗೆಲ್ಲ ಮೊದಲು ಈ ಸಂಗತಿಯನ್ನು, ಕೇಳದಿದ್ದರೂ, ಹೇಳುತ್ತಾಳೆ. ಹೋದ ತಿಂಗಳು ಮೊಮ್ಮಗನನ್ನು ಎತ್ತಿಕೊಂಡು ಬಂದ ಪಂಪಮ್ಮ ಅದನ್ನು ಕೇಳಿ ನಕ್ಕುಬಿಟ್ಟಳು. “ಒಂದು ಇಲಿ ಸತ್ತದ್ದಕ್ಕ ಇಷ್ಟು ಪಂಚಾಯ್ತಿ ಏನs ಯವ್ವ? ಬೇವು ಅರಿ, ಹೊತ್ತಾತು.”

ಹುಲಗೆಮ್ಮ ನಗಲಿಲ್ಲ. ರೂಢಿಯಂತೆ ಕೂಸಿನ ಬಾಯಿ ಬಿಡಿಸಿ ಬೆರಳಿಟ್ಟಳು. ನಾಲ್ಕು ಹಲ್ಲು ತಾಗಿದವು. ಬೆರಳನ್ನು ಹಿಂದೆ ತೆಗೆದುಕೊಂಡಳು.

“ಎಷ್ಟು ತಿಂಗಳಾದುವು ಇವಗ?”

“ಹತ್ತು.”

“ಇನ್ನಷ್ಟು ದಿನ ಕುಡೀಲಿ” ಎಂದು ಕೂಸನ್ನು ಅಜ್ಜಿಯ ಕೈಗೆ ಕೊಟ್ಟು, ಉಡಿಯಲ್ಲಿದ್ದ ಬೇವಿನ ಸೊಪ್ಪನ್ನು ಅಂಗಳಕ್ಕೆ ಝಾಡಿಸಿದಳು.